ಡಾಲಸ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು

ಪ್ರಶ್ನೆ: ಅಮೆರಿಕದ ಸಣ್ಣ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ಓದುವವರೆಲ್ಲ ಪಾದ್ರಿಗಳಾಗಲು ಹೊರಟವರೇ?

ಉತ್ತರ: ಖಂಡಿತ ಅಲ್ಲ. ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ 1956ರಲ್ಲಿ ಶುರುವಾದ ಡಾಲಸ್ ವಿಶ್ವವಿದ್ಯಾಲಯವನ್ನೇ ನೋಡಿ. ಪಕ್ಕದ ಸೆಮಿನರಿಯಿಂದ ಪಾದ್ರಿಯಾಗಲಿರುವ ಕೆಲವರು ಪಾಠಕ್ಕೆ ಬರುತ್ತಾರೆ, ನಿಜ. ಉಳಿದವರು ಜೀವಶಾಸ್ತ್ರ, ಅರ್ಥಶಾಸ್ತ್ರ, ರಾಜಕೀಯ ಓದುವ ಸಾಮಾನ್ಯ ಹುಡುಗ ಹುಡುಗಿಯರು. ಬಹುಪಾಲು ಕ್ಯಾಥೊಲಿಕರೇ, ಆದರೆ ಬೇರೆ ನಂಬಿಕೆಯವರಿಗೂ ಬಾಗಿಲು ತೆರೆದಿದೆ.

ಇವರನ್ನು ಒಂದುಗೂಡಿಸುವುದು ಧರ್ಮದಷ್ಟೇ ಓದು ಕೂಡ. ಮುಂದೆ ಡಾಕ್ಟರಾಗುವವರೂ ಹೋಮರ್, ಪ್ಲೇಟೋ, ಡಾಂಟೆಯನ್ನು ಓದಲೇಬೇಕು. ಎಲ್ಲರೂ ಅದೇ ಪುಸ್ತಕಗಳನ್ನು ಓದಿರುವುದರಿಂದ ತರಗತಿಯ ವಾದ ಊಟದ ಮೇಜಿಗೂ ಹಾಸ್ಟೆಲಿಗೂ ಹಬ್ಬುತ್ತದೆ. ಹತ್ತಾರು ಸಾವಿರ ಜನರ ಕ್ಯಾಂಪಸ್ಸಿನಲ್ಲಿ ಇದು ಕಷ್ಟ. ಸಣ್ಣ ಕ್ಯಾಂಪಸ್ಸಿನ ದೊಡ್ಡ ಲಾಭ ಇದೇ ಎಂದು ನನಗನಿಸುತ್ತದೆ. ಎರಡನೇ ವರ್ಷದಲ್ಲಿ ಬಹಳಷ್ಟು ಮಂದಿ ರೋಮ್ ಹೊರವಲಯದಲ್ಲಿರುವ ವಿಶ್ವವಿದ್ಯಾಲಯದ ಸ್ವಂತ ಕ್ಯಾಂಪಸ್ಸಿನಲ್ಲಿ ಒಂದು ಸೆಮಿಸ್ಟರ್ ಕಳೆಯುತ್ತಾರೆ. ಪುಸ್ತಕದಲ್ಲಿ ಕಂಡ ಊರುಗಳನ್ನು ಒಟ್ಟಿಗೆ ಸುತ್ತಿ ಬಂದವರ ಗೆಳೆತನ ಗಟ್ಟಿಯಾಗುವುದು ಸಹಜ.

ಬರೀ ಗಂಭೀರ ಮುಖಗಳೇ ಎಂದುಕೊಳ್ಳಬೇಡಿ. ಫೆಬ್ರವರಿಯಲ್ಲಿ ಬರುವ ಅಮೆರಿಕದ ಜಾನಪದ ಆಚರಣೆಯಾದ ‘ಗ್ರೌಂಡ್‌ಹಾಗ್’ ದಿನವನ್ನು ಇವರು ಊರಹಬ್ಬದಂತೆ ಆಚರಿಸುತ್ತಾರೆ. ಹಾಡು, ಕುಣಿತ, ಗದ್ದಲ ಎಲ್ಲವೂ ಇರುತ್ತದೆ. ಹಳೆಯ ವಿದ್ಯಾರ್ಥಿಗಳೂ ಅದಕ್ಕೆಂದೇ ಮರಳಿ ಬರುತ್ತಾರೆ.