ತಾಯಿ ಕಾರ್ಡು ಪೆಟ್ಟಿಗೆಯಲ್ಲಿ ಇಡುವುದಲ್ಲ

ಅಜ್ಜಿ ಹಾಕುತ್ತಿದ್ದ ಉಪ್ಪಿನಕಾಯಿಯ ರುಚಿ ಅಜ್ಜಿಯ ಜೊತೆಗೇ ಹೋಯಿತು ಎಂದು ಎಷ್ಟೋ ಮನೆಗಳಲ್ಲಿ ಹೇಳುವುದುಂಟು. ಅಳತೆ ಆಕೆಯ ಕೈಯಲ್ಲಿತ್ತೇ ಹೊರತು ಹಾಳೆಯ ಮೇಲೆ ಇರಲಿಲ್ಲ. ಉಪ್ಪಿನಕಾಯಿ ಹೋದರೆ ಹೋಗಲಿ ಅನ್ನಬಹುದು. ಹೆರಿಗೆ ಕೋಣೆಯಲ್ಲಿ ಹೀಗಾದರೆ ಎರಡು ಜೀವಗಳ ಪ್ರಶ್ನೆ.

ತಿಳಿದದ್ದನ್ನು ಬರೆದಿಟ್ಟು, ಬೇಕಾದ ಹೊತ್ತಿಗೆ ಬೇಕಾದವರ ಕೈಗೆ ಸಿಗುವಂತೆ ಮಾಡುವುದಕ್ಕೆ ಈಗ 'ಜ್ಞಾನ ನಿರ್ವಹಣೆ' ಎಂಬ ಹೆಸರಿದೆ. ದೇಶವಿದೇಶಗಳ ಆರೋಗ್ಯ ಸಿಬ್ಬಂದಿಗೆ ಇದರ ತರಬೇತಿಯೂ ಉಂಟು. ಹೆಸರು ದೊಡ್ಡದು, ಆದರೆ ಇದರ ಅಗತ್ಯ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲೇ ಕಾಣುತ್ತದೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅಫಜಲಪುರದ ಸೊಸೆ ಕುಬಸ ಮುಗಿಸಿಕೊಂಡು ಜೇವರ್ಗಿ ಕಡೆಯ ತವರಿಗೆ ಹೋಗುತ್ತಾಳೆ. ಆಳಂದದವಳು ಗಡಿ ದಾಟಿ ಸೊಲ್ಲಾಪುರದ ಕಡೆಗೂ ಹೋದಾಳು. ಅವಳಿಗೆ ರಕ್ತ ಕಡಿಮೆ, ಬಿ.ಪಿ. ಹೆಚ್ಚು ಎಂಬುದು ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತು, ತವರಿನ ನರ್ಸಮ್ಮನಿಗೆ ಗೊತ್ತಿಲ್ಲ. ಈ ತಿಳಿವಳಿಕೆ ಊರಿಂದೂರಿಗೆ ಹೋಗಬೇಕಾದರೆ ತಾಯಿ ಕಾರ್ಡೇ ಹೋಗಬೇಕು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಯೋಜನೆ ಬಂದಿತು. ಸುಮಾರು 1000 ಜನಕ್ಕೆ ಒಬ್ಬ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಕೆ 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಬಂದು ನೋಡಬೇಕು. ಮನೆಗೇ ಹೋಗಿ ಹಸುಗೂಸು ನೋಡಿಕೊಳ್ಳುವ ಈ ಪದ್ಧತಿಗೆ ದಾರಿ ತೋರಿದವರು ಮಹಾರಾಷ್ಟ್ರದ ಗಡಚಿರೋಲಿಯ ಡಾ. ಅಭಯ ಬಂಗ್, ಡಾ. ರಾಣಿ ಬಂಗ್ ದಂಪತಿಗಳು. ಹಳ್ಳಿಯ ಹೆಂಗಸರಿಗೇ ಕಲಿಸಿ, ಕಂಡದ್ದನ್ನು ಅವರಿಂದಲೇ ಬರೆಸಿದರು.

ನಮ್ಮ ಜಿಲ್ಲೆಯಲ್ಲೂ ಒಂದು ಒಳ್ಳೆಯ ಪ್ರಯೋಗ ನಡೆದಿದೆ. 2012-13ರಲ್ಲಿ, ಕಲಬುರಗಿಯನ್ನು ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲಕ್ಕೆ, ಇಲ್ಲಿಯೂ ಬಳ್ಳಾರಿಯಲ್ಲಿಯೂ ಸುಕ್ಷೇಮ ಯೋಜನೆಯವರು ತರಬೇತಿಯ ರೀತಿಯನ್ನೇ ಬದಲಿಸಿದರು. ನರ್ಸುಗಳನ್ನು ಪಟ್ಟಣಕ್ಕೆ ಕರೆಸಿ ಭಾಷಣ ಕೇಳಿಸಿ ಕಳಿಸಿದರೆ ಅರ್ಧ ಮರೆತುಹೋಗುತ್ತದಲ್ಲವೇ? ಅದಕ್ಕೇ ಮಾರ್ಗದರ್ಶಿ ನರ್ಸುಗಳೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಪಕ್ಕದಲ್ಲೇ ನಿಂತು ಕಲಿಸಿದರು. ಮುಂದೇನು ನೋಡಬೇಕೆಂದು ನೆನಪಿಸುವ ಹೆರಿಗೆ ಹಾಳೆಯನ್ನೂ ಬಳಕೆಗೆ ತಂದರು. ಮಾರ್ಗದರ್ಶಿಗಳು ಹೋದ ಕೇಂದ್ರಗಳ ನರ್ಸುಗಳು ತೊಡಕನ್ನು ಗುರುತಿಸುವುದರಲ್ಲಿ ಮುಂದಿದ್ದರೆಂದು ಆಮೇಲಿನ ಅಧ್ಯಯನ ಹೇಳಿತು.

ನರ್ಸಮ್ಮ ಕಲಿತರೆ ಸಾಲದು, ಮನೆಯವರೂ ಕಲಿಯಬೇಕು. "ಸರಕಾರದ ಕಾಗದ ಅದ, ಮುಂದ ರೊಕ್ಕ ಬರ್ತದ, ಪೆಟ್ಟಿಗ್ಯಾಗ ಇಡು" ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಕ್ಕತಂಗಿಯರೇ, ಆ ಕಾರ್ಡನ್ನು ಬಿಚ್ಚಿ ಇಷ್ಟು ನೋಡಿಕೊಳ್ಳಿ:

ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಬೇಕು.

ಬಿ.ಪಿ. 140/90 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಲೇಬೇಕು. ಜೋರು ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ರಕ್ತಸ್ರಾವ ಕಂಡರೆ ಕೂಡಲೇ 108ಕ್ಕೆ ಫೋನು ಮಾಡಿ.

ರಕ್ತದ ಗುಂಪು ಬರೆದಿದೆಯೇ? ಇಲ್ಲವಾದರೆ ಕೇಳಿ ಬರೆಸಿ.

ತವರಿಗೆ ಹೊರಡುವ ಮೊದಲು ಇಲ್ಲಿಯ ಆಶಾಗೆ ತಿಳಿಸಿ. ಅಲ್ಲಿಗೆ ಹೋದ ವಾರದೊಳಗೆ ಅಲ್ಲಿಯ ಆಶಾಗೆ ಕಾರ್ಡು ತೋರಿಸಿ.

ಮಗಳಿಗೆ ಬುತ್ತಿ ಕಟ್ಟುವಾಗ ಕಾರ್ಡನ್ನು ಚೀಲದ ಮೇಲ್ಗಡೆಯೇ ಇಡಿ. ನಡುರಾತ್ರಿ ಬೇನೆ ಬಂದಾಗ ಹುಡುಕುವ ಹಾಗೆ ಆಗಬಾರದು.