ಎರೆಮಣ್ಣಿನ ರಸ್ತೆಗೆ ಸುಣ್ಣದ ಮದ್ದು

ಸಿರಗುಪ್ಪ ತಾಲ್ಲೂಕಿನ ಸಿರಿಗೇರಿಯ ಸೀಮೆಯನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಕಂಡವರು ಅವೆರಡೂ ಒಂದೇ ಭೂಮಿಯೆಂದು ಸುಲಭವಾಗಿ ನಂಬಲಾರರು. ವೈಶಾಖದ ಬಿಸಿಲಿಗೆ ಕೈ ಇಳಿಯುವಷ್ಟು ಅಗಲವಾಗಿ ಬಿರಿದು ಬಾಯ್ದೆರೆದ ನೆಲವು, ಎರಡು ಹದವಾದ ಮಳೆ ಬಿದ್ದೊಡನೆ ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿಕೊಂಡು, ನಡೆವವನ ಕಾಲನ್ನೂ ಟ್ರ್ಯಾಕ್ಟರಿನ ಗಾಲಿಯನ್ನೂ ಹಿಡಿದು ಬಿಡದ ಅಂಟಾಗಿ ಮಾರ್ಪಡುತ್ತದೆ. ಜೋಳ, ಹತ್ತಿ, ಭತ್ತಗಳನ್ನು ಬೆಳೆವ ರೈತನಿಗೆ ಈ ಎರೆಯೇ ಐಶ್ವರ್ಯ; ಅದರ ಮೇಲೆ ರಸ್ತೆ ಕಟ್ಟತಕ್ಕವನಿಗೆ ಅದೇ ಪರಮ ವೈರಿ. ಹೊಲದಲ್ಲಿ ಬೆಳೆದ ಧಾನ್ಯವು ಪೇಟೆಯನ್ನು ಮುಟ್ಟದಿದ್ದರೆ, ಹೆರಿಗೆಯ ಬೇನೆ ತಿನ್ನುವ ತಾಯಿಯು ಆಸ್ಪತ್ರೆಯನ್ನು ಹೊತ್ತಿಗೆ ಸೇರದಿದ್ದರೆ, ಭೂಮಿಯ ಆ ಐಶ್ವರ್ಯದಿಂದ ಬಂದ ಫಲವೇನು?

ಹೊಸ ಡಾಂಬರು ಹಾಕಿದ ವರುಷವೊಂದೆರಡರಲ್ಲಿಯೇ ರಸ್ತೆಯು ಅಲೆಅಲೆಯಾಗಿ ಏಳುವುದನ್ನೂ, ಅಂಚಿನುದ್ದಕ್ಕೂ ಸೀಳುವುದನ್ನೂ ಎರೆಯ ನಾಡಿನಲ್ಲಿ ಕಾಣದವರಿಲ್ಲ. ಆಗ ಜನರು ಗುತ್ತಿಗೆದಾರನನ್ನು ಬಯ್ಯುತ್ತಾರೆ. ಗುತ್ತಿಗೆದಾರನು ಮಳೆಯನ್ನು ದೂರುತ್ತಾನೆ. ಅಧಿಕಾರಿಗಳು ತೇಪೆಯ ಅಂದಾಜುಪತ್ರಿಕೆಯನ್ನು ಸಿದ್ಧಪಡಿಸುತ್ತಾರೆ. ಕಳಪೆ ಕೆಲಸಕ್ಕೆ ಶಿಕ್ಷೆಯಾಗಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಪ್ರಾಮಾಣಿಕನಾದ ಗುತ್ತಿಗೆದಾರನು ಉತ್ತಮವಾದ ಜಲ್ಲಿಯನ್ನೂ ಡಾಂಬರನ್ನೂ ಹಾಕಿದರೂ, ಕೆಳಗಿನ ಎರೆಯನ್ನು ಹಾಗೆಯೇ ಬಿಟ್ಟರೆ ರಸ್ತೆ ಉಳಿಯದು. ರೋಗವಿರುವುದು ಮೈಮೇಲಿನ ಅಂಗಿಯಲ್ಲಲ್ಲ, ಮೈಯಲ್ಲಿ.

ಈ ರೋಗದ ಮೂಲವೇನು? ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಹೇರಳವಾಗಿದೆ. ಅದರ ಕಣವು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ನೀರು ಆ ಪದರಗಳ ನಡುವೆ ಹೊಕ್ಕೊಡನೆ ಪುಸ್ತಕವೇ ದಪ್ಪವಾಗುತ್ತದೆ. ನೀರು ಹೊರಟೊಡನೆ ಕುಗ್ಗುತ್ತದೆ. ರಸ್ತೆಯ ನಡುಭಾಗದ ಕೆಳಗಣ ಮಣ್ಣು ಡಾಂಬರಿನ ಮರೆಯಲ್ಲಿ ಬಹುಮಟ್ಟಿಗೆ ಒಂದೇ ತೇವದಲ್ಲಿರುತ್ತದೆ. ಅಂಚಿನ ಮಣ್ಣಾದರೋ ಋತುಋತುವಿಗೂ ನೆನೆದು ಒಣಗುತ್ತದೆ. ಅಂಚು ಏಳುತ್ತ ಬೀಳುತ್ತ ನಡುವು ನಿಂತಲ್ಲೇ ನಿಂತರೆ, ಮೇಲಿನ ಹೊದಿಕೆಯು ಉದ್ದಕ್ಕೂ ಸೀಳದೆ ಏನು ಮಾಡೀತು? ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಬಳಿಕ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲಂತೂ ರಸ್ತೆಯ ಇಕ್ಕೆಲಗಳಲ್ಲಿ ಭತ್ತದ ಗದ್ದೆಗಳು ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡಿರುತ್ತವೆ. ಅನ್ನ ಕೊಟ್ಟ ನೀರೇ ರಸ್ತೆಯ ಬುಡವನ್ನು ಮೆತ್ತಗೆ ಮಾಡುತ್ತಿದೆ.

ಮಣ್ಣಿನ ತಾಳಿಕೆಯನ್ನು ಅಳೆಯಲು ಇಂಜಿನಿಯರರಲ್ಲಿ ಒಂದು ಮಾನವಿದೆ. ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಯಿಸಿ, ಅದರೊಳಗೆ ಉಕ್ಕಿನ ಕಡ್ಡಿಯೊಂದನ್ನು ಒತ್ತಿ, ಗಟ್ಟಿ ಜಲ್ಲಿಯು ತಾಳುವ ಭಾರವನ್ನು ನೂರೆಂದು ಎಣಿಸಿ, ಈ ಮಣ್ಣು ಅದರಲ್ಲಿ ಎಷ್ಟನ್ನು ತಾಳುತ್ತದೆಂದು ನೋಡುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ಪರೀಕ್ಷೆಯಲ್ಲಿ ನಮ್ಮ ಎರೆಯು ಸಾಮಾನ್ಯವಾಗಿ ಪಡೆವ ಅಂಕ ಎರಡೋ ಮೂರೋ. ಕೆಲವೆಡೆ ಅಷ್ಟೂ ಇಲ್ಲ. ಇಂತಹ ತಳದ ಮೇಲೆ ರಸ್ತೆ ನಿಲ್ಲಬೇಕಾದರೆ ದಾರಿಗಳು ಮೂರು: ಮೇಲೆ ಜಲ್ಲಿಯನ್ನು ಬಹಳ ದಪ್ಪವಾಗಿ ಹಾಸುವುದು, ಎರೆಯನ್ನು ಅಗೆದು ತೆಗೆದು ದೂರದಿಂದ ಮೊರಮು ತಂದು ತುಂಬುವುದು, ಇಲ್ಲವೆ ಇದ್ದ ಮಣ್ಣನ್ನೇ ತಿದ್ದುವುದು. ಮೊದಲೆರಡರಿಂದ ಗುಡ್ಡಗಳು ಕರಗುತ್ತವೆ, ಸಾಗಣೆಯ ವೆಚ್ಚವು ಏರುತ್ತದೆ. ಮೂರನೆಯದೇ ನಾವು ಇಲ್ಲಿ ವಿಚಾರಿಸತಕ್ಕದ್ದು.

ಮಣ್ಣನ್ನು ತಿದ್ದುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಮಾಳಿಗೆಯ ಮೇಲೆ ಯಾವ ಮಣ್ಣು ಹಾಕಿದರೆ ಸೋರದೆಂಬುದನ್ನು ಈ ಸೀಮೆಯ ಹಿರಿಯರು ಬಲ್ಲರು. ಸುಣ್ಣದ ಗಾರೆಯ ಗಟ್ಟಿತನಕ್ಕೆ ಹಂಪೆಯೇ ಸಾಕ್ಷಿ. ರೋಮನರೂ ತಮ್ಮ ರಸ್ತೆಗಳಲ್ಲಿ ಸುಣ್ಣವನ್ನು ಬಳಸಿದ್ದರು. ಆಧುನಿಕ ಕಾಲದಲ್ಲಿ ೧೯೩೫ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ ಮಣ್ಣಿಗೆ ಸಿಮೆಂಟು ಬೆರಸಿ ರಸ್ತೆ ಮಾಡಿ ನೋಡಿದರು. ನಮ್ಮಲ್ಲಿ ಪಂಜಾಬಿನ ಇಂಜಿನಿಯರರಾದ ಎಸ್. ಆರ್. ಮೆಹ್ರಾ ಅವರು ಮರಳು, ಮಣ್ಣು, ಇಟ್ಟಿಗೆಯ ಚೂರುಗಳನ್ನು ಹದವಾಗಿ ಕೂಡಿಸಿ ಅಗ್ಗದ ರಸ್ತೆಗಳ ಪದ್ಧತಿಯೊಂದನ್ನು ಬೆಳೆಸಿದರು. ೧೯೩೪ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಸುಣ್ಣದಿಂದ ಮಣ್ಣನ್ನು ಸ್ಥಿರಗೊಳಿಸುವ ಬಗೆಗೆ ನಿಯಮಾವಳಿಯನ್ನೇ ಹೊರಡಿಸಿದೆ. ವಿದ್ಯೆಯ ಕೊರತೆ ನಮಗಿಲ್ಲ. ಕೊರತೆಯಿರುವುದು ಅದನ್ನು ಹಳ್ಳಿಯ ರಸ್ತೆಗೆ ಇಳಿಸುವ ಸಂಕಲ್ಪದಲ್ಲಿ.

ಸುಣ್ಣವು ಎರೆಯ ಮೇಲೆ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಬೆರಸಿದ ಕೆಲವು ಗಂಟೆಗಳಲ್ಲಿಯೇ ಸುಣ್ಣದ ಕ್ಯಾಲ್ಸಿಯಂ ಅಂಶವು ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಮುಂತಾದುವನ್ನು ಹೊರದೂಡಿ ತಾನು ನೆಲಸುತ್ತದೆ. ಕಣಗಳು ಗುಂಪುಗೂಡಿ, ಜಿಗಟು ಹೋಗಿ, ಮಣ್ಣು ಪುಡಿಪುಡಿಯಾಗುತ್ತದೆ. ಇದು ಮೊದಲನೆಯದು. ಆಮೇಲೆ ಮಣ್ಣಿನಲ್ಲಿಯೇ ಇರುವ ಸಿಲಿಕ, ಅಲ್ಯೂಮಿನಗಳೊಡನೆ ಸುಣ್ಣವು ಕೂಡಿ ಸಿಮೆಂಟಿನಂತಹ ಬಂಧವಾಗಿ ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಈ ಎರಡನೆಯ ಕ್ರಿಯೆಗೆ ಶಾಖವು ಸಹಾಯಕ. ಬಳ್ಳಾರಿಯ ಬಿಸಿಲು ಇಲ್ಲಿಯಾದರೂ ನಮಗೆ ಮಿತ್ರನಾಗುತ್ತದೆ.

ಇದಕ್ಕೆ ಬೇಕಾದ ಸುಣ್ಣವೆಷ್ಟು? ಒಣಮಣ್ಣಿನ ತೂಕದಲ್ಲಿ ನೂರಕ್ಕೆ ಮೂರರಿಂದ ಎಂಟರವರೆಗೆ ಎಂಬುದು ಸಾಮಾನ್ಯವಾದ ಲೆಕ್ಕ. ೩.೭೫ ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರಿನಲ್ಲಿ ೧೫ ಸೆಂಟಿಮೀಟರ್ ಆಳದ ಮಣ್ಣನ್ನು ತಿದ್ದುವುದಾದರೆ, ಆ ಮಣ್ಣು ಸುಮಾರು ೫೬೦ ಘನ ಮೀಟರ್, ಘನ ಮೀಟರಿಗೆ ೧.೬ ಟನ್ನಿನಂತೆ ೯೦೦ ಟನ್ನು. ನೂರಕ್ಕೆ ನಾಲ್ಕರಂತೆ ೩೬ ಟನ್ ಸುಣ್ಣ ಸಾಕಾಗುತ್ತದೆ. ಅಷ್ಟೇ ಮಣ್ಣನ್ನು ತೆಗೆದು ಮೊರಮು ತುಂಬಬೇಕಾದರೆ ಸುಮಾರು ಒಂಬೈನೂರು ಟನ್ನನ್ನು ಹೊರಗೆ ಸಾಗಿಸಿ, ಅಷ್ಟನ್ನೇ ಒಳಗೆ ತರಬೇಕು. ಸುಣ್ಣದಕಲ್ಲು ನಮ್ಮ ಕಲಬುರಗಿ, ಬಾಗಲಕೋಟೆ ಜಿಲ್ಲೆಗಳಲ್ಲಿಯೇ ಇದೆ. ಕುಡತಿನಿಯ ವಿದ್ಯುತ್ ಕೇಂದ್ರದ ಹಾರುಬೂದಿಯೂ ಸಮೀಪದಲ್ಲಿದೆ. ನವಶಿಲಾಯುಗದ ಬೂದಿದಿಬ್ಬಕ್ಕೆ ಹೆಸರಾದ ಊರಿಗೆ ಬೂದಿ ಹೊಸದೇನಲ್ಲ! ಈ ಬೂದಿಯು ತಾನಾಗಿ ಬಂಧಿಸದು. ಸುಣ್ಣದೊಡನೆ ಸೇರಿದರೆ ಮಾತ್ರ ಬಲ ತರುತ್ತದೆ.

ಆದರೆ ಸುಣ್ಣವು ಸಂಜೀವಿನಿಯೆಂದು ಸಾರುವುದು ನಮ್ಮ ಉದ್ದೇಶವಲ್ಲ. ಹಗರಿಯ ದಂಡೆಯ ಮರಳು ಮಣ್ಣಿಗೆ ಸುಣ್ಣವು ಹೆಚ್ಚೇನೂ ಮಾಡದು. ಅಲ್ಲಿಗೆ ಸಿಮೆಂಟೇ ತಕ್ಕದ್ದು. ಮಣ್ಣಿನಲ್ಲಿ ಗಂಧಕದ ಲವಣಗಳು, ಎಂದರೆ ಸಲ್ಫೇಟುಗಳು, ಹೆಚ್ಚಾಗಿದ್ದರೆ ಸುಣ್ಣವು ಅವುಗಳೊಡನೆ ಕೂಡಿ ಹೊಸ ಉಬ್ಬರವನ್ನೇ ಹುಟ್ಟಿಸುತ್ತದೆ. ಚೌಳು ಹೊಲಕ್ಕೆ ಮದ್ದಾದ ಜಿಪ್ಸಮ್ಮು ಸುಣ್ಣದ ರಸ್ತೆಗೆ ವಿಷವಾಗುವ ವಿಚಿತ್ರವನ್ನು ನೀರಾವರಿಯ ಸೀಮೆಯವರು ಮರೆಯಬಾರದು. ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣವು ಸತ್ವಹೀನವಾಗುತ್ತದೆ. ಹೆಂಟೆಗಳನ್ನು ಪುಡಿಮಾಡದೆ ಮೇಲೆ ಸುಣ್ಣ ಎರಚಿ ಉರುಳುಗಲ್ಲು ಓಡಿಸಿದರೆ ಅದು ಗೋಡೆಗೆ ಬಳಿದ ಸುಣ್ಣಕ್ಕೆ ಸಮ. ಚೆನ್ನಾಗಿ ಬೆರಸಬೇಕು, ಹದವಾದ ನೀರಿನಲ್ಲಿ ಅದುಮಬೇಕು, ವಾರವಾದರೂ ತೇವ ಆರದಂತೆ ಕಾಯಬೇಕು. ಸುಡುಸುಣ್ಣವು ಕಣ್ಣನ್ನೂ ಚರ್ಮವನ್ನೂ ಸುಡುವುದರಿಂದ ಕೂಲಿಕಾರರಿಗೆ ಕೈಚೀಲ, ಕನ್ನಡಕಗಳನ್ನು ಕೊಡಲೇಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದ ಚರಂಡಿ ನೀರನ್ನು ಹರಿಯಿಸದೆ ನಿಲ್ಲಿಸಿದರೆ ಯಾವ ಮದ್ದೂ ಕೆಲಸಕ್ಕೆ ಬಾರದು.

ಆದುದರಿಂದ ಮದ್ದಿಗೆ ಮೊದಲು ನಾಡಿಪರೀಕ್ಷೆ ಅಗತ್ಯ. ಆ ಪರೀಕ್ಷೆಯಲ್ಲೊಂದು ಎಷ್ಟು ಸರಳವೆಂದರೆ, ಪ್ರೌಢಶಾಲೆಯ ಹುಡುಗರೂ ಮಾಡಿಯಾರು. ಜರಡಿ ಹಿಡಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಗಾಜುಗಳಲ್ಲಿ ಹಾಕಿ, ಒಂದಕ್ಕೆ ನೀರನ್ನು, ಇನ್ನೊಂದಕ್ಕೆ ಸೀಮೆಎಣ್ಣೆಯನ್ನು ಹೊಯ್ದು ಒಂದು ದಿನ ಇಟ್ಟರಾಯಿತು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ನೀರಿನ ಗಾಜಿನ ಮಣ್ಣು ಅದಕ್ಕಿಂತ ನೂರಕ್ಕೆ ಐವತ್ತರಷ್ಟು ಹೆಚ್ಚು ಉಬ್ಬಿ ನಿಂತರೆ, ಆ ಮಣ್ಣನ್ನು ಹಾಗೆಯೇ ರಸ್ತೆಗೆ ತುಂಬತಕ್ಕದ್ದಲ್ಲ. ಇಷ್ಟನ್ನೂ ನೋಡದೆ, ಬೆಟ್ಟದ ಸೀಮೆಗೂ ಎರೆಯ ಸೀಮೆಗೂ ಒಂದೇ ಮಾದರಿಯ ಅಂದಾಜು ಬರೆಯುವುದು ಎಲ್ಲ ರೋಗಿಗಳಿಗೂ ಒಂದೇ ಕಷಾಯವನ್ನು ಕೊಡುವಂತೆಯೇ ಸರಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಎರೆಯ ಸೀಮೆಯಲ್ಲಿ ಯಾವ ರಸ್ತೆಗೆ ಹಣ ಮಂಜೂರಾದರೂ, ಕೆಲಸಕ್ಕೆ ಮುಂಚೆ ಅದರ ಮಣ್ಣಿನ ಪರೀಕ್ಷೆಯಾಗಲಿ. ಮಣ್ಣು ಎಷ್ಟು ಉಬ್ಬುತ್ತದೆ, ಎಷ್ಟು ತಾಳುತ್ತದೆ, ಅದಕ್ಕೆ ಏನು ಬೆರಸಲಾಗುವುದು ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಯ ಬಾಗಿಲಲ್ಲಿ ಅಂಟಿಸಲಿ. ಸಿರಿಗೇರಿಯಂತಹ ಊರಿನ ಒಂದು ರಸ್ತೆಯಲ್ಲಿ ಒಂದು ಕಿಲೋಮೀಟರನ್ನು ಸುಣ್ಣದಿಂದ ತಿದ್ದಿ, ಮುಂದಿನ ಕಿಲೋಮೀಟರನ್ನು ವಾಡಿಕೆಯಂತೆ ಕಟ್ಟಿ, ಮೂರು ಮಳೆಗಾಲ ಕಳೆದ ಮೇಲೆ ಎರಡರ ಖರ್ಚನ್ನೂ ಸ್ಥಿತಿಯನ್ನೂ ಪ್ರಜೆಗಳ ಮುಂದಿಡಲಿ. ನಾವು ಹೇಳಿದ್ದು ತಪ್ಪಾದರೆ ಅದೂ ಬಯಲಾಗಲಿ.

ಸ್ವರಾಜ್ಯವೆಂದರೆ ರಾಜಧಾನಿಯಲ್ಲಿ ಬಾವುಟ ಹಾರಿಸುವುದಷ್ಟೇ ಅಲ್ಲ. ತನ್ನ ಕಾಲ ಕೆಳಗಿನ ಮಣ್ಣನ್ನು ತಾನೇ ಅರಿತು ತಿದ್ದಿಕೊಳ್ಳುವ ಶಕ್ತಿಯೂ ಸ್ವರಾಜ್ಯವೇ. ಪ್ರಜೆಗಳ ತೆರಿಗೆಯ ಹಣವು ಪ್ರತಿ ವರುಷವೂ ಎರೆಯ ಬಿರುಕುಗಳಲ್ಲಿ ಇಳಿದುಹೋಗುತ್ತಿರುವಾಗ, ಹತ್ತು ಗ್ರಾಂ ಮಣ್ಣನ್ನು ತೂಗಿ ನೋಡುವ ಶ್ರಮವನ್ನಾದರೂ ಅಧಿಕಾರಿಗಳು ವಹಿಸುವರೆಂದು ನಂಬುತ್ತೇವೆ.