ಸದ್ದಿನ ಜಾಡು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಮುನ್ನ ಸಿಗುವ ಊರು ಪುಣಜನೂರು. ಅಲ್ಲಿಯ ಕಾಡು ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಪೊದೆಗಳು ದಟ್ಟವಾಗಿರುವೆಡೆ ಕಣ್ಣಿನ ನೋಟ ಹತ್ತು ಮಾರು ದೂರವೂ ಸಾಗದು; ಕಿವಿಯಾದರೋ ಅದಕ್ಕಿಂತ ಬಹುದೂರದ ಸುದ್ದಿಯನ್ನು ತರಬಲ್ಲುದು. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿದರೆ, ಕಡವೆಯೊಂದು ಎಚ್ಚರಿಕೆಯ ದನಿಗೈದರೆ, ಕಾಡನ್ನು ಬಲ್ಲವರು ತಟ್ಟನೆ ನಿಲ್ಲುತ್ತಾರೆ. ಕಾಣದ ಹುಲಿಯೋ ಚಿರತೆಯೋ ಯಾವ ದಿಕ್ಕಿನಲ್ಲಿರಬಹುದೆಂಬುದನ್ನು ಸದ್ದಿನಿಂದಲೇ ಊಹಿಸುತ್ತಾರೆ. ಅಲ್ಲಿ ಕಿವಿಗೊಟ್ಟು ಕೇಳುವುದು ಪ್ರಾಣರಕ್ಷಣೆಯ ವಿದ್ಯೆ.

ಸದ್ದು ಬಂದ ದಿಕ್ಕು ನಮಗೆ ತಿಳಿಯುವುದಾದರೂ ಹೇಗೆ? ಬಲಗಡೆಯ ಸದ್ದು ಮೊದಲು ಬಲಗಿವಿಯನ್ನು ಮುಟ್ಟಿ, ತುಸು ತಡವಾಗಿ ಎಡಗಿವಿಯನ್ನು ಸೇರುತ್ತದೆ. ಈ ಅಂತರವು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ತಲೆಯು ಅಡ್ಡವಾಗುವುದರಿಂದ ಎಡಗಿವಿಗೆ ಸದ್ದು ಕೊಂಚ ಕ್ಷೀಣವಾಗಿಯೂ ಕೇಳಿಸುತ್ತದೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸಗಳನ್ನು ಮಿದುಳು ತೂಗಿನೋಡಿ ದಿಕ್ಕನ್ನು ನಿರ್ಣಯಿಸುತ್ತದೆ.

ಇದೇ ತತ್ತ್ವವನ್ನು ಆಧರಿಸಿ ಅಂಧರೂ ಆಡಬಹುದಾದ ಧ್ವನಿಯಾಟಗಳು ಕಂಪ್ಯೂಟರು ಮತ್ತು ಮೊಬೈಲುಗಳಲ್ಲಿ ರೂಪುಗೊಂಡಿವೆ. ಜಪಾನಿನಲ್ಲಿ ೧೯೯೭ರಷ್ಟು ಹಿಂದೆಯೇ ಚಿತ್ರಗಳಿಲ್ಲದೆ ಧ್ವನಿಯಿಂದಲೇ ನಡೆಯುವ ವಿಡಿಯೋ ಆಟವೊಂದು ಬಂದಿತ್ತು. ೨೦೧೫ರಲ್ಲಿ ಫ್ರಾನ್ಸಿನವರು ‘ಎ ಬ್ಲೈಂಡ್ ಲೆಜೆಂಡ್’ ಎಂಬ ಆಟವನ್ನು ಹೊರತಂದರು. ಅದರ ನಾಯಕನು ಅಂಧನಾದ ವೀರಯೋಧ. ಮಗಳ ದನಿಯೇ ಅವನಿಗೆ ದಾರಿ ತೋರುತ್ತದೆ.

ಧ್ವನಿಯಾಟಗಳಲ್ಲಿ ಅಡಗಿ ಸಾಗುವ ಆಟಗಳು ಬಹಳ ಸ್ವಾರಸ್ಯವಾದವು. ಕಾವಲುಗಾರರಿಗೆ ತಿಳಿಯದಂತೆ ಕೋಟೆಯನ್ನು ಹೊಗಬೇಕಾಗಿದೆ ಎಂದುಕೊಳ್ಳೋಣ. ಆಡುವವರು ಹೆಡ್‌ಫೋನ್ ಧರಿಸಿರುತ್ತಾರೆ. ಎಡಗಿವಿಯಲ್ಲಿ ಬೂಟಿನ ಸಪ್ಪಳ ಜೋರಾಗುತ್ತಿದ್ದರೆ ಕಾವಲುಗಾರನು ಎಡದಿಂದ ಸಮೀಪಿಸುತ್ತಿದ್ದಾನೆಂದು ಅರಿತು ಮಿಸುಕದೆ ನಿಲ್ಲಬೇಕು. ಸಪ್ಪಳವು ದೂರವಾದ ಮೇಲೆ ಮುಂದಡಿ ಇಡಬೇಕು. ಅವಸರದಿಂದ ತರಗೆಲೆಯ ಮೇಲೆ ಕಾಲಿಟ್ಟರೆ ತಮ್ಮ ಸದ್ದೇ ತಮ್ಮನ್ನು ಹಿಡಿದುಕೊಡುತ್ತದೆ. ಕಾಡಿನಲ್ಲಿ ನಡೆಯುವವರ ಎಚ್ಚರವೇ ಇಲ್ಲಿಯೂ ಬೇಕು.

ನಮ್ಮ ನಾಡಿನ ಆಟದ ಬಯಲಿನಲ್ಲಿಯೂ ಈ ವಿದ್ಯೆಯ ಸೊಗಸನ್ನು ಕಾಣಬಹುದು. ಅಂಧರ ಕ್ರಿಕೆಟ್ಟಿನಲ್ಲಿ ಬಳಸುವ ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಸಣ್ಣ ಗುಂಡುಗಳಿರುತ್ತವೆ. ಚೆಂಡು ನೆಲದ ಮೇಲೆ ಗಲಗಲನೆ ಬರುವಾಗ ದಾಂಡಿಗರು ಸದ್ದಿನ ಜಾಡು ಹಿಡಿದು ಹೊಡೆಯುತ್ತಾರೆ. ೨೦೧೨ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-ಟ್ವೆಂಟಿ ವಿಶ್ವಕಪ್ಪನ್ನು ಭಾರತ ಗೆದ್ದಿತು. ಆ ತಂಡದ ನಾಯಕರಾಗಿದ್ದ ಕರ್ನಾಟಕದ ಶೇಖರ್ ನಾಯ್ಕ್ ಅವರಿಗೆ ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ೨೦೨೫ರಲ್ಲಿ ಕೊಲಂಬೊ ನಗರದಲ್ಲಿ ಅಂಧ ಮಹಿಳೆಯರ ಮೊದಲ ಟಿ-ಟ್ವೆಂಟಿ ವಿಶ್ವಕಪ್ಪನ್ನು ದೀಪಿಕಾ ಟಿ.ಸಿ. ಅವರ ನಾಯಕತ್ವದಲ್ಲಿ ಭಾರತ ತಂಡ ಗೆದ್ದಿತು.

ಇವೆಲ್ಲವೂ ದೈವದತ್ತವಾದ ಚುರುಕುಗಿವಿಯ ಫಲವೆಂದು ಹಲವರು ಭಾವಿಸುತ್ತಾರೆ. ಆದರೆ ಇದರ ಹಿಂದೆ ವರ್ಷಗಳ ಅಭ್ಯಾಸವೂ ಏಕಾಗ್ರತೆಯೂ ಇವೆ. ಚಿತ್ರವನ್ನೇ ನಂಬಿದ ಆಟದಲ್ಲಿ ಅಂಧರು ಹೊರಗುಳಿಯುತ್ತಾರೆ. ಸದ್ದನ್ನು ನಂಬಿದ ಆಟದಲ್ಲಿ ಅವರು ಯಾರ ಕರುಣೆಯನ್ನೂ ಬೇಡದೆ ಸರಿಸಮರಾಗಿ ಆಡುತ್ತಾರೆ. ಆಟವನ್ನು ರೂಪಿಸಿದ ರೀತಿಯೊಂದು ಬದಲಾದುದರಿಂದಲೇ ಇಷ್ಟು ಸಾಧ್ಯವಾಯಿತು. ನಮ್ಮ ಪಾಠ, ಪರೀಕ್ಷೆ, ಬೀದಿ, ಬಸ್ಸುಗಳನ್ನು ರೂಪಿಸುವವರೂ ಈ ಮಾತನ್ನು ನೆನೆಯಬೇಕು. ಇಂದಿನ ವಿದ್ಯಾರ್ಥಿಗಳೇ ನಾಳೆ ಆ ಕೆಲಸಗಳಿಗೆ ಕೈಹಾಕುವವರು.